ಕ್ಲಾಸಿನ ಡ್ರೈವ್ ಯಾರದ್ದು?

ಹೊಸ ಸೆಮಿಸ್ಟರ್ ಶುರುವಾಗಿ ವಾರ ಕಳೆಯುವಷ್ಟರಲ್ಲಿ ಪ್ರತಿ ಕ್ಲಾಸಿನ ವಾಟ್ಸಾಪ್ ಗ್ರೂಪಿಗೂ ಒಂದು ಲಿಂಕ್ ಬಂದು ಬೀಳುತ್ತದೆ. ಒತ್ತಿದರೆ ಒಂದು ಫೋಲ್ಡರ್. ಅದರೊಳಗೆ ಸಬ್ಜೆಕ್ಟಿಗೊಂದು ಫೋಲ್ಡರ್, ಅದರೊಳಗೆ ಮಾಡ್ಯೂಲಿಗೊಂದು. ಜೊತೆಗೆ ಹಳೇ ಪ್ರಶ್ನೆಪತ್ರಿಕೆ, ಲ್ಯಾಬ್ ಮ್ಯಾನ್ಯುಯಲ್, ಸೀನಿಯರುಗಳ ಕೈಬರಹದ ನೋಟ್ಸು. ಇಂಟರ್ನಲ್ಸಿನ ಹಿಂದಿನ ರಾತ್ರಿ ಇಡೀ ಕ್ಲಾಸಿನ ಬಿಡಾರ ಅಲ್ಲೇ. ಮೇಷ್ಟ್ರುಗಳೂ ಈಗ ಪಿಪಿಟಿಯನ್ನು ಅಲ್ಲೇ ಹಾಕುತ್ತಾರೆ, ಮಿನಿ ಪ್ರಾಜೆಕ್ಟ್ ರಿಪೋರ್ಟನ್ನು ಗೂಗಲ್ ಡಾಕ್ಸಿನಲ್ಲೇ ತಿದ್ದುತ್ತಾರೆ, ಅಟೆಂಡೆನ್ಸ್ ಕೊರತೆಯ ಪಟ್ಟಿಯನ್ನು ಶೀಟ್ಸಿನಲ್ಲೇ ಕಳಿಸುತ್ತಾರೆ.

ಇಷ್ಟೆಲ್ಲ ಬಳಸೋ ನಮ್ಮನ್ನ "ಆ ಫೋಲ್ಡರ್ ಯಾರದ್ದು?" ಅಂತ ಯಾರಾದರೂ ಕೇಳಿದರೆ ಥಟ್ಟನೆ ಬರೋ ಉತ್ತರ "ನಮ್ಮ ಕ್ಲಾಸಿಂದು" ಅಂತಲೇ. ತಾಂತ್ರಿಕವಾಗಿ ಆ ಉತ್ತರ ತಪ್ಪು. ಊರಿನ ಕೆರೆ ಎಲ್ಲರದ್ದು. ಕ್ಲಾಸಿನ ಡ್ರೈವ್ ಹಾಗಲ್ಲ, ಅದು ಒಬ್ಬರ ಹಿತ್ತಲಿನ ಬಾವಿ. ಅವರು ಹಿತ್ತಲ ಬಾಗಿಲು ತೆರೆದಿಟ್ಟಿರುವವರೆಗೆ ನಮಗೆಲ್ಲ ನೀರು ಸಿಗುತ್ತದೆ. ಮನೆ ಖಾಲಿ ಮಾಡಿಕೊಂಡು ಹೋದರೆ? ಅಷ್ಟೇ.

ಪುಕ್ಕಟೆ ಸಿಗುವ ಈ ಸಲಕರಣೆಗಳು ನಿಜಕ್ಕೂ ಒಳ್ಳೆಯವು. ಸರಿಯಾಗಿ ಬಳಸಿದರೆ ಕ್ಲಾಸಿನ ಓದು, ಲ್ಯಾಬು, ಪ್ರಾಜೆಕ್ಟು ಎಲ್ಲವೂ ಸಲೀಸು. ಆದರೆ ಅವು ಹೇಗೆ ಕೆಲಸ ಮಾಡುತ್ತವೆ, ಯಾರ ಹೆಸರಿನಲ್ಲಿ ಇರುತ್ತವೆ, ಯಾವಾಗ ಕೈಕೊಡುತ್ತವೆ ಅನ್ನೋದನ್ನ ತಿಳಿದುಕೊಂಡು ಬಳಸಬೇಕು. ಇಂಜಿನಿಯರಿಂಗ್ ಓದೋ ನಾವು ಇಷ್ಟಾದರೂ ತಿಳಿದುಕೊಳ್ಳದಿದ್ದರೆ ಹೇಗೆ? ಬನ್ನಿ, ಒಂದೊಂದಾಗಿ ನೋಡೋಣ. ನಮ್ಮ ಕ್ಯಾಂಪಸ್ಸಿನಲ್ಲಿ ಹೆಚ್ಚು ಬಳಕೆಯಲ್ಲಿರುವುದು ಗೂಗಲ್ ಡ್ರೈವ್ ಆದ್ದರಿಂದ ಉದಾಹರಣೆಗಳನ್ನ ಅಲ್ಲಿಂದಲೇ ತೆಗೆದುಕೊಂಡಿದ್ದೇವೆ. ಒನ್‌ಡ್ರೈವ್, ಡ್ರಾಪ್‌ಬಾಕ್ಸ್ ಬಳಸುವವರಿಗೂ ಮೂಲ ವಿಚಾರ ಇದೇ.

ಲಿಂಕ್ ಬೇರೆ, ಫೈಲ್ ಬೇರೆ

ಪೆನ್‌ಡ್ರೈವ್ ಕಾಲದಲ್ಲಿ ನೋಟ್ಸ್ ಕೊಡೋದು ಅಂದರೆ ಒಂದು ಪ್ರತಿ ಕೊಡೋದು. ಅರವತ್ತು ಜನರಿಗೆ ಕೊಟ್ಟರೆ ಅರವತ್ತು ಪ್ರತಿ. ಒಬ್ಬರದ್ದು ಹಾಳಾದರೂ ಐವತ್ತೊಂಬತ್ತು ಉಳಿಯುತ್ತಿದ್ದವು. ಡ್ರೈವಿನಲ್ಲಿ ಶೇರ್ ಮಾಡಿದಾಗ ಪ್ರತಿ ಹುಟ್ಟುವುದಿಲ್ಲ. ಇರುವುದು ಒಂದೇ ಫೈಲು. ಅದನ್ನು ನೋಡುವ ಅನುಮತಿ ಮಾತ್ರ ಅರವತ್ತು ಜನರಿಗೆ ಸಿಗುತ್ತದೆ. ನಿಮ್ಮ ಡ್ರೈವಿನಲ್ಲಿ "ಶೇರ್ಡ್ ವಿತ್ ಮಿ" ಎಂಬಲ್ಲಿ ಕಾಣುವುದು ಆ ಅನುಮತಿ. ಅದಕ್ಕೆ ಶಾರ್ಟ್‌ಕಟ್ ಮಾಡಿಟ್ಟುಕೊಂಡರೂ ಅಷ್ಟೇ, ಅದು ದಾರಿ ತೋರಿಸುವ ಬೋರ್ಡು. ಊರು ಇಲ್ಲವಾದರೆ ಬೋರ್ಡಿನಿಂದ ಏನು ಪ್ರಯೋಜನ?

ವೈಯಕ್ತಿಕ ಖಾತೆಯಲ್ಲಿ ಪ್ರತಿ ಫೈಲಿಗೂ ಒಬ್ಬರೇ ಮಾಲೀಕರು. ಯಾರು ಅಪ್‌ಲೋಡ್ ಮಾಡಿದರೋ ಅವರೇ. ಸಿಆರ್ ಮಾಡಿದ ಫೋಲ್ಡರಿಗೆ ನೀವು ಒಂದು ಪಿಡಿಎಫ್ ಹಾಕಿದರೆ ಫೋಲ್ಡರ್ ಸಿಆರ್‌ದು, ಪಿಡಿಎಫ್ ನಿಮ್ಮದು. ಅದು ಹಿಡಿಯುವ ಜಾಗವೂ ನಿಮ್ಮ ಖಾತೆಯ ಲೆಕ್ಕಕ್ಕೇ ಹೋಗುತ್ತದೆ. ನೀವು ಜಾಗ ಖಾಲಿ ಮಾಡುವ ಭರದಲ್ಲಿ ಅದನ್ನು ಅಳಿಸಿದರೆ ಇಡೀ ಕ್ಲಾಸಿಗೂ ಹೋಯಿತು. ಟ್ರಾಷಿನಲ್ಲಿ 30 ದಿನ ಇರುತ್ತದೆ, ಆಮೇಲೆ ತಾನಾಗಿಯೇ ಶಾಶ್ವತವಾಗಿ ಅಳಿದುಹೋಗುತ್ತದೆ.

ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಲ್ಯಾಪ್‌ಟಾಪಿನಲ್ಲಿ ಡ್ರೈವ್ ಆ್ಯಪ್ ಹಾಕಿಕೊಂಡವರಿಗೆ ಗೂಗಲ್ ಡಾಕ್ಸಿನ ಕಡತಗಳು ಮಾಮೂಲಿ ಫೈಲುಗಳ ಹಾಗೆಯೇ ಕಾಣುತ್ತವೆ. ಅವನ್ನು ಎಳೆದು ಪೆನ್‌ಡ್ರೈವಿಗೆ ಹಾಕಿಕೊಂಡು "ಬ್ಯಾಕಪ್ ಆಯ್ತು" ಅಂದುಕೊಂಡರೆ ಕೆಟ್ಟೆವು. ಆ ಫೈಲಿನೊಳಗೆ ಬರಹ ಇರುವುದಿಲ್ಲ, ಬರಹ ಎಲ್ಲಿದೆ ಎಂಬ ವಿಳಾಸ ಮಾತ್ರ ಇರುತ್ತದೆ. ಡಾಕ್ಸಿನ ಕಡತವನ್ನು ನಿಜವಾಗಿಯೂ ಕೈಯಲ್ಲಿ ಇಟ್ಟುಕೊಳ್ಳಬೇಕಾದರೆ "ಫೈಲ್" ಮೆನುವಿನಲ್ಲಿ "ಡೌನ್‌ಲೋಡ್" ಒತ್ತಿ ವರ್ಡ್ ಅಥವಾ ಪಿಡಿಎಫ್ ರೂಪದಲ್ಲಿ ಇಳಿಸಿಕೊಳ್ಳಬೇಕು. ಡ್ರೈವಿನಲ್ಲೇ ನಿಮ್ಮ ಸ್ವಂತ ಪ್ರತಿ ಬೇಕಿದ್ದರೆ "ಮೇಕ್ ಎ ಕಾಪಿ" ಒತ್ತಬೇಕು. ಆಗ ಹುಟ್ಟುವ ಫೈಲಿಗೆ ನೀವೇ ಮಾಲೀಕರು.

ಒಂದೇ ಪುಟದಲ್ಲಿ ನಾಲ್ಕು ಕೈ

ಪ್ರತಿ ಒಂದೇ ಇರುವುದರಿಂದ ತೊಂದರೆ ಮಾತ್ರ ಅಂದುಕೊಳ್ಳಬೇಡಿ. ಅದರಿಂದಲೇ ಸಿಕ್ಕಿರುವ ದೊಡ್ಡ ಲಾಭವೂ ಇದೆ. ಪ್ರಾಜೆಕ್ಟ್ ಬ್ಯಾಚಿನ ನಾಲ್ಕೂ ಜನ ಒಂದೇ ರಿಪೋರ್ಟನ್ನು ಒಂದೇ ಹೊತ್ತಿನಲ್ಲಿ ಬರೆಯಬಹುದು. "ಫೈನಲ್", "ಫೈನಲ್ ಎರಡು", "ನಿಜವಾದ ಫೈನಲ್" ಎಂಬ ಹೆಸರಿನ ಫೈಲುಗಳ ಕಾಟ ತಪ್ಪುತ್ತದೆ. 2006ರಲ್ಲಿ ಗೂಗಲ್ ಕಂಪನಿ ರೈಟ್ಲಿ ಎಂಬ, ಬ್ರೌಸರಿನಲ್ಲೇ ನಡೆಯುವ ವರ್ಡ್ ಪ್ರೊಸೆಸರನ್ನು ಕೊಂಡುಕೊಂಡಿತು. ಅದೇ ಬೆಳೆದು ಇವತ್ತಿನ ಡಾಕ್ಸ್ ಆಯಿತು. ಈಗ ಒಂದೇ ಡಾಕ್ಯುಮೆಂಟಿನಲ್ಲಿ ಏಕಕಾಲಕ್ಕೆ ನೂರು ಜನರವರೆಗೂ ತಿದ್ದಬಹುದು.

ನಾಲ್ಕು ಜನ ಒಟ್ಟಿಗೆ ಟೈಪ್ ಮಾಡಿದರೂ ಬರಹ ಕಲಸುಮೇಲೋಗರ ಆಗುವುದಿಲ್ಲ, ಯಾಕೆ? ಇದರ ಹಿಂದಿರುವುದು ಆಪರೇಷನಲ್ ಟ್ರಾನ್ಸ್‌ಫರ್ಮೇಷನ್ ಎಂಬ ವಿಧಾನ. ಎಲಿಸ್ ಮತ್ತು ಗಿಬ್ಸ್ ಎಂಬ ಇಬ್ಬರು 1989ರಲ್ಲಿ ಇದನ್ನು ಮಂಡಿಸಿದರು. ಕನ್ನಡದ್ದೇ ಒಂದು ಉದಾಹರಣೆ ತೆಗೆದುಕೊಳ್ಳೋಣ.

ಡಾಕ್ಯುಮೆಂಟಿನಲ್ಲಿ "ಮಳೆ ಬಂತು" ಅಂತ ಇದೆ. ಕಂಪ್ಯೂಟರ್ ಇದನ್ನು ನೋಡುವುದು ಒಂದು ಸಾಲು ಸಂಕೇತಗಳಾಗಿ. ಮ, ಳ, ಎ-ಕಾರದ ಚಿಹ್ನೆ, ಖಾಲಿ ಜಾಗ, ಬ, ಅನುಸ್ವಾರ, ತ, ಉ-ಕಾರದ ಚಿಹ್ನೆ. ಒಟ್ಟು ಎಂಟು. ಸೊನ್ನೆಯಿಂದ ಎಣಿಸಿದರೆ "ಬ" ಇರುವುದು 4ನೇ ಸ್ಥಾನದಲ್ಲಿ. ಈಗ ಒಬ್ಬರು ಶುರುವಿನಲ್ಲಿ "ನಿನ್ನೆ" ಎಂಬ ಪದವನ್ನೂ ಒಂದು ಖಾಲಿ ಜಾಗವನ್ನೂ ಸೇರಿಸುತ್ತಾರೆ. ಅದೇ ಕ್ಷಣದಲ್ಲಿ ಇನ್ನೊಬ್ಬರು 4ನೇ ಸ್ಥಾನದಲ್ಲಿ "ಜೋರಾಗಿ" ಅಂತ ಸೇರಿಸುತ್ತಾರೆ. ಇಬ್ಬರಿಗೂ ಮತ್ತೊಬ್ಬರ ಬದಲಾವಣೆ ಇನ್ನೂ ತಲುಪಿಲ್ಲ.

ಸರ್ವರ್ ಮೊದಲನೆಯವರದ್ದನ್ನು ಹಾಕಿ, ಎರಡನೆಯವರದ್ದನ್ನು ಹಾಗೇ ಕಣ್ಣುಮುಚ್ಚಿ 4ನೇ ಸ್ಥಾನಕ್ಕೆ ತುರುಕಿದರೆ ಏನಾಗುತ್ತದೆ? ಈಗ 4ನೇ ಸ್ಥಾನ ಇರುವುದು "ನಿನ್ನೆ" ಪದದ ಒತ್ತಕ್ಷರದ ನಡುವೆ. "ನಿನ್ಜೋರಾಗಿ ನೆ ಮಳೆ ಬಂತು" ಅಂತ ವಿಚಿತ್ರ ವಾಕ್ಯ ಆಗುತ್ತದೆ. ಹಾಗಾಗದಂತೆ ಸರ್ವರ್ ಲೆಕ್ಕ ಹಾಕುತ್ತದೆ. ಮೊದಲನೆಯವರು ಸೇರಿಸಿದ್ದು ಖಾಲಿ ಜಾಗವೂ ಸೇರಿ ಏಳು ಸಂಕೇತ, ಅದೂ ಎರಡನೆಯವರ ಸ್ಥಾನಕ್ಕಿಂತ ಮುಂಚೆ. ಹಾಗಾದರೆ ಎರಡನೆಯವರ ಸ್ಥಾನ 4 ಅಲ್ಲ, 4ಕ್ಕೆ 7 ಕೂಡಿಸಿ 11. ಅಲ್ಲಿ ಹಾಕಿದರೆ "ನಿನ್ನೆ ಮಳೆ ಜೋರಾಗಿ ಬಂತು". ಇಬ್ಬರ ಪರದೆಯ ಮೇಲೂ ಅದೇ ವಾಕ್ಯ. ನಾವು ಒತ್ತುವ ಪ್ರತಿಯೊಂದು ಕೀಲಿಗೂ ಈ ಕೂಡುವ ಕಳೆಯುವ ಲೆಕ್ಕ ನಡೆಯುತ್ತಲೇ ಇರುತ್ತದೆ.

ಆದರೆ ಈ ವಿಧಾನ ಅಕ್ಷರಗಳ ಜಾಗವನ್ನು ಕಾಯುತ್ತದೆಯೇ ಹೊರತು ಅರ್ಥವನ್ನಲ್ಲ. ಒಬ್ಬರು ಒಂದು ಪ್ಯಾರಾ ಅಳಿಸುತ್ತಿರುವಾಗ ಇನ್ನೊಬ್ಬರು ಅದಕ್ಕೇ ಉದಾಹರಣೆ ಸೇರಿಸುತ್ತಿದ್ದರೆ ಅದನ್ನು ಬಗೆಹರಿಸಬೇಕಾದವರು ನಾವೇ. ಹಾಗಾಗಿ ಅಧ್ಯಾಯಕ್ಕೊಬ್ಬರು ಅಂತ ಮೊದಲೇ ಹಂಚಿಕೊಂಡು, ಬೇರೆಯವರ ಭಾಗ ತಿದ್ದುವಾಗ "ಸಜೆಸ್ಟಿಂಗ್" ಮೋಡಿನಲ್ಲಿ ತಿದ್ದುವುದು ಒಳ್ಳೆಯದು. ಆಗ ನಿಮ್ಮ ತಿದ್ದುಪಡಿ ಬೇರೆ ಬಣ್ಣದಲ್ಲಿ ಕಾಣುತ್ತದೆ. ಬರೆದವರು ನೋಡಿ ಒಪ್ಪಬಹುದು, ಬೇಡ ಅನ್ನಬಹುದು. ನಮ್ಮ ಪತ್ರಿಕೆಗೆ ಬರುವ ಲೇಖನಗಳನ್ನೂ ನಾವು ಹೀಗೇ ತಿದ್ದುವುದು. ಲೇಖಕರ ಮಾತನ್ನು ಅವರಿಗೆ ಕಾಣದಂತೆ ಬದಲಿಸಿದೆವು ಎಂಬ ಮಾತು ಬರುವುದಿಲ್ಲ.

ಯಾರು ಎಷ್ಟು ಬರೆದರು?

ಗುಂಪಿನ ಕೆಲಸ ಅಂದಮೇಲೆ ಈ ಜಗಳ ಇದ್ದದ್ದೇ. "ಎಲ್ಲಾ ನಾನೇ ಮಾಡಿದ್ದು, ಮಾರ್ಕ್ಸ್ ಮಾತ್ರ ನಾಲ್ಕು ಜನಕ್ಕೂ ಒಂದೇ." ಡಾಕ್ಸಿನ "ವರ್ಷನ್ ಹಿಸ್ಟರಿ" ಇಲ್ಲಿ ಸಾಕ್ಷಿ ಹೇಳಬಲ್ಲದು. ಯಾವ ದಿನ, ಎಷ್ಟು ಹೊತ್ತಿಗೆ, ಯಾರು, ಯಾವ ಸಾಲು ಸೇರಿಸಿದರು, ಯಾವುದನ್ನು ಅಳಿಸಿದರು ಅನ್ನೋದು ಅಲ್ಲಿ ಬಣ್ಣಬಣ್ಣವಾಗಿ ಕಾಣುತ್ತದೆ. ಯಾರೋ ಗೊತ್ತಿಲ್ಲದೆ ಇಡೀ ಅಧ್ಯಾಯ ಅಳಿಸಿಬಿಟ್ಟರೂ ಹಳೆಯ ಆವೃತ್ತಿಗೆ ಹಿಂತಿರುಗಬಹುದು. ಗೈಡ್‌ಗೆ ತೋರಿಸಿದ ದಿನದ ಆವೃತ್ತಿಗೆ "ಮೊದಲ ರಿವ್ಯೂ" ಅಂತ ಹೆಸರು ಕೊಟ್ಟಿಟ್ಟರೆ ಆಮೇಲೆ ಹುಡುಕುವುದು ಸುಲಭ. ಈ ಇತಿಹಾಸ ಎಡಿಟ್ ಹಕ್ಕು ಇರುವವರಿಗೆ ಮಾತ್ರ ಕಾಣುತ್ತದೆ. ಗೈಡ್ ಅದನ್ನು ನೋಡಬೇಕು ಅಂತಿದ್ದರೆ ಅವರಿಗೂ ಎಡಿಟ್ ಹಕ್ಕು ಕೊಡಬೇಕು.

ಮೇಷ್ಟ್ರುಗಳಿಗೂ ನಮ್ಮದೊಂದು ಬಿನ್ನಹ. ವರ್ಷನ್ ಹಿಸ್ಟರಿ ಹೇಳುವುದು ಯಾರು ಟೈಪ್ ಮಾಡಿದರು ಅಂತ ಮಾತ್ರ. ಸರ್ಕ್ಯೂಟ್ ಮುಂದೆ ಮೂರು ದಿನ ಕೂತು ತಪ್ಪು ಹುಡುಕಿದವರ ಹೆಸರು ಅದರಲ್ಲಿ ಬರುವುದಿಲ್ಲ. ಅವರು ಬಾಯಲ್ಲಿ ಹೇಳಿದ್ದನ್ನು ಕೂತು ಟೈಪ್ ಮಾಡಿದವರ ಹೆಸರು ಬರುತ್ತದೆ. ಅದನ್ನು ಮಾತುಕತೆಗೆ ಆಧಾರ ಮಾಡಿಕೊಳ್ಳಿ, ಮಾರ್ಕ್ಸಿಗೆ ತಕ್ಕಡಿ ಮಾಡಿಕೊಳ್ಳಬೇಡಿ.

ಲ್ಯಾಬಿನಲ್ಲಿ ಒಂದು ಶೀಟು

ಕ್ಲಾಸ್‌ರೂಮಿನಲ್ಲಿ ಶೀಟ್ಸ್ ಅಂದರೆ ಅಟೆಂಡೆನ್ಸ್ ಅಂತಲೇ ನಮಗೆಲ್ಲ ತಲೆಗೆ ಬರೋದು. ಆದರೆ ಅದರ ನಿಜವಾದ ಶಕ್ತಿ ಲ್ಯಾಬಿನಲ್ಲಿ. ಫಸ್ಟ್ ಇಯರಿನ ಫಿಸಿಕ್ಸ್ ಲ್ಯಾಬನ್ನೇ ನೋಡಿ. ಅರವತ್ತು ಜನ, ಮೂರು ಮೂರು ಜನರಂತೆ ಇಪ್ಪತ್ತು ಬ್ಯಾಚು. ಪ್ರತಿ ಬ್ಯಾಚೂ ಒಂದೇ ಪ್ರಯೋಗ ಮಾಡಿ ತನ್ನ ರೀಡಿಂಗನ್ನು ತನ್ನ ರೆಕಾರ್ಡಿನಲ್ಲಿ ಬರೆದು ಸಹಿ ಹಾಕಿಸಿಕೊಂಡು ಹೋಗುತ್ತದೆ. ಇಪ್ಪತ್ತು ಉತ್ತರಗಳು ಒಂದನ್ನೊಂದು ಎಂದೂ ಭೇಟಿಯಾಗುವುದೇ ಇಲ್ಲ.

ಆ ಇಪ್ಪತ್ತೂ ಉತ್ತರ ಒಂದೇ ಶೀಟಿಗೆ ಬಂದರೆ? ಸರಾಸರಿ ತೆಗೆಯಬಹುದು, ಸ್ಟ್ಯಾಂಡರ್ಡ್ ಡೀವಿಯೇಷನ್ ತೆಗೆಯಬಹುದು, ಹಿಸ್ಟೋಗ್ರಾಮ್ ಬಿಡಿಸಬಹುದು. ಎಲ್ಲ ಬ್ಯಾಚುಗಳ ಅಳತೆಯೂ ಒಂದೇ ಗುಣಮಟ್ಟದ್ದಾಗಿದ್ದು, ದೋಷಗಳು ಯಾದೃಚ್ಛಿಕವಾಗಿದ್ದರೆ, ಇಪ್ಪತ್ತು ಅಳತೆಗಳ ಸರಾಸರಿಯ ಅನಿಶ್ಚಿತತೆ ಒಂದು ಅಳತೆಯ ಅನಿಶ್ಚಿತತೆಗಿಂತ 20ರ ವರ್ಗಮೂಲದಷ್ಟು, ಅಂದರೆ ಸುಮಾರು ನಾಲ್ಕೂವರೆ ಪಟ್ಟು ಕಡಿಮೆ. ಮ್ಯಾಥ್ಸ್ ಕ್ಲಾಸಿನಲ್ಲಿ ಬೋರ್ಡಿನ ಮೇಲೆ ನೋಡಿದ ಸೂತ್ರ ನಮ್ಮದೇ ಕೈಯ ರೀಡಿಂಗುಗಳಲ್ಲಿ ಕಾಣುತ್ತದೆ. ಎಲ್ಲರದ್ದೂ ಒಂದೇ ದಿಕ್ಕಿಗೆ ವಾಲಿದ್ದರೆ ಉಪಕರಣದಲ್ಲೇ ಏನೋ ಐಬು ಇದೆ ಅಂತ ಗೊತ್ತಾಗುತ್ತದೆ. ಒಂದೇ ಬ್ಯಾಚಿನವರಿಗೆ ಅದು ಗೊತ್ತಾಗುವ ದಾರಿಯೇ ಇಲ್ಲ.

ಇಲ್ಲೊಂದು ಎಚ್ಚರ ಬೇಕು. ಶೀಟನ್ನು ಎಲ್ಲರಿಗೂ ತೆರೆದಿಟ್ಟರೆ ಮೂರನೇ ಬ್ಯಾಚಿನ ನಂತರ ಬರುವವರೆಲ್ಲ ಹಿಂದಿನವರ ಸಂಖ್ಯೆ ನೋಡಿ, ದಶಮಾಂಶದಲ್ಲಿ ಚೂರು ಹೆಚ್ಚು ಕಡಿಮೆ ಮಾಡಿ ಹಾಕಿಬಿಡುತ್ತಾರೆ. ನಮ್ಮ ಜನ ನಮಗೆ ಗೊತ್ತಿಲ್ವಾ! ಅದಕ್ಕೆ ರೀಡಿಂಗನ್ನು ಗೂಗಲ್ ಫಾರ್ಮಿನ ಮೂಲಕ ತೆಗೆದುಕೊಳ್ಳಬೇಕು. ಫಾರ್ಮ್ ತುಂಬುವವರಿಗೆ ಬೇರೆಯವರ ಉತ್ತರ ಕಾಣದು. ಎಲ್ಲರೂ ತುಂಬಿದ ಮೇಲೆ ಉತ್ತರಗಳು ಬಂದು ಕೂತ ಶೀಟನ್ನು ಎಲ್ಲರಿಗೂ ತೋರಿಸಿದರಾಯಿತು.

ಎಲ್ಲರೂ ಒಟ್ಟಿಗೆ ಬಳಸುವ ಶೀಟಿನಲ್ಲಿ ಇನ್ನೆರಡು ಶಿಸ್ತು. ನಿಮ್ಮ ಬ್ಯಾಚಿನ ಸಾಲು ಮಾತ್ರ ನೋಡಬೇಕಿದ್ದರೆ ಮಾಮೂಲಿ ಫಿಲ್ಟರ್ ಹಾಕಬೇಡಿ, "ಫಿಲ್ಟರ್ ವ್ಯೂ" ಮಾಡಿಕೊಳ್ಳಿ. ಮಾಮೂಲಿ ಫಿಲ್ಟರ್ ಹಾಕಿದರೆ ಶೀಟನ್ನು ತಿದ್ದುತ್ತಿರುವ ಬೇರೆಯವರ ಪರದೆಯಲ್ಲೂ ಸಾಲುಗಳು ಮಾಯವಾಗುತ್ತವೆ. ಹಾಗೆಯೇ ಸೂತ್ರ ಇರುವ ಕಾಲಮ್ಮುಗಳನ್ನು "ಪ್ರೊಟೆಕ್ಟ್" ಮಾಡಿಡಿ. ಯಾರದೋ ಬೆರಳು ತಾಗಿ ಸೂತ್ರ ಹೋದರೆ ಹುಡುಕೋದು ಕಷ್ಟ.

15 ಜಿಬಿ ಎಷ್ಟು ದಿನಕ್ಕೆ?

2012ರ ಏಪ್ರಿಲ್‌ನಲ್ಲಿ ಗೂಗಲ್ ಡ್ರೈವ್ ಶುರುವಾದಾಗ ಪುಕ್ಕಟೆ ಸಿಗುತ್ತಿದ್ದದ್ದು 5 ಜಿಬಿ. ಮರುವರ್ಷ ಜಿಮೇಲ್, ಡ್ರೈವ್, ಫೋಟೊಗಳನ್ನೆಲ್ಲ ಒಟ್ಟು ಸೇರಿಸಿ 15 ಜಿಬಿ ಮಾಡಿದರು. ಇವತ್ತಿಗೂ ವೈಯಕ್ತಿಕ ಖಾತೆಗೆ ಸಾಮಾನ್ಯವಾಗಿ ಅದೇ ಲೆಕ್ಕ. ಒನ್‌ಡ್ರೈವ್ ಕೊಡುವುದು 5 ಜಿಬಿ, ಡ್ರಾಪ್‌ಬಾಕ್ಸ್ 2 ಜಿಬಿ. ಮೊದಲೆಲ್ಲ ಡಾಕ್ಸ್, ಶೀಟ್ಸ್ ಕಡತಗಳು ಈ ಲೆಕ್ಕಕ್ಕೆ ಬರುತ್ತಿರಲಿಲ್ಲ. 2021ರ ಜೂನ್ 1ರಿಂದ ಹೊಸದಾಗಿ ಮಾಡಿದವು ಬರುತ್ತವೆ. ಆಂಡ್ರಾಯ್ಡ್ ಫೋನಿನ ವಾಟ್ಸಾಪ್ ಬ್ಯಾಕಪ್ ಕೂಡ ಈಗ ಇದೇ ಜಾಗದಲ್ಲೇ ಕೂರುತ್ತದೆ.

ಇದರಲ್ಲಿ ಅಪಾಯ ಎಲ್ಲಿದೆ? ಕ್ಲಾಸಿನ ನೋಟ್ಸನ್ನೆಲ್ಲ ಸಿಆರ್ ಒಬ್ಬರೇ ತಮ್ಮ ಸ್ವಂತ ಖಾತೆಗೆ ಹಾಕುತ್ತಾ ಹೋದರೆ, ಜಾಗ ತುಂಬಿದ ದಿನ ನಿಲ್ಲುವುದು ಅಪ್‌ಲೋಡ್ ಒಂದೇ ಅಲ್ಲ. ಜಿಮೇಲೂ ನಿಲ್ಲುತ್ತದೆ. ಹೊಸ ಮೇಲ್ ಬರುವುದಿಲ್ಲ, ಕಳಿಸಲೂ ಆಗುವುದಿಲ್ಲ. ಪ್ಲೇಸ್‌ಮೆಂಟ್ ಸೀಸನ್ನಿನಲ್ಲಿ ಇಂಟರ್‌ವ್ಯೂಗೆ ಕರೆಯುವ ಮೇಲ್ ಬಾರದೇ ಹೋದರೆ? ಇಡೀ ಕ್ಲಾಸಿಗೆ ಉಪಕಾರ ಮಾಡಿದವರಿಗೆ ನಾವು ಕೊಡುವ ಬಹುಮಾನ ಅದಾಗಬಾರದು.

ಜಾಗ ಉಳಿಸುವ ಲೆಕ್ಕವೂ ಕುತೂಹಲದ್ದೇ. ನಲವತ್ತು ಪುಟದ ನೋಟ್ಸನ್ನು ಫೋನಿನಲ್ಲಿ ಫೋಟೊ ತೆಗೆದು ಹಾಕಿದರೆ, ಒಂದು ಫೋಟೊ 3 ಎಂಬಿ ಅಂತಿಟ್ಟುಕೊಂಡರೂ 120 ಎಂಬಿ. ಅದೇ ನಲವತ್ತು ಪುಟವನ್ನು ಟೈಪ್ ಮಾಡಿದರೆ? ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್. ಪುಟಕ್ಕೆ 2000 ಸಂಕೇತ ಅಂತ ಹಿಡಿದರೆ 40 ಗುಣಿಸು 2000 ಗುಣಿಸು 3, ಅಂದರೆ 2,40,000 ಬೈಟ್. ಸುಮಾರು 240 ಕೆಬಿ. ಐನೂರು ಪಟ್ಟು ವ್ಯತ್ಯಾಸ! ಎಲ್ಲವನ್ನೂ ಟೈಪ್ ಮಾಡಿ ಅಂತ ನಾವು ಹೇಳುತ್ತಿಲ್ಲ. ಕನಿಷ್ಠ ಡ್ರೈವ್ ಆ್ಯಪಿನಲ್ಲೇ ಇರುವ ಸ್ಕ್ಯಾನ್ ಸೌಲಭ್ಯ ಬಳಸಿ ಪಿಡಿಎಫ್ ಮಾಡಿ ಹಾಕಿ. ಊರಿಗೆ ಹೋದಾಗ ಒಂದು ಕಡ್ಡಿ ಸಿಗ್ನಲ್ಲಿನಲ್ಲಿ ಡೌನ್‌ಲೋಡ್ ಮಾಡುವ ಗೆಳೆಯರೂ ನಮ್ಮ ಕ್ಲಾಸಿನಲ್ಲಿ ಇದ್ದಾರೆ. ಅವರಿಗಿನ್ನೊಂದು ಮಾತು. ಬಸ್ಸು ಹತ್ತುವ ಮೊದಲು ಬೇಕಾದ ಫೈಲಿಗೆ "ಅವೈಲಬಲ್ ಆಫ್‌ಲೈನ್" ಹಾಕಿಕೊಳ್ಳಿ. ನೆಟ್ ಇಲ್ಲದ ಕಡೆಯೂ ತೆರೆಯುತ್ತದೆ.

ಕನ್ನಡದ ಬರಹ ಹಾಕುವಾಗ

ಕನ್ನಡ ಸಂಘದ ಪತ್ರಿಕೆಯಾಗಿ ಇದನ್ನು ಹೇಳದಿದ್ದರೆ ಆಗುತ್ತದೆಯೇ? ನುಡಿ ಅಥವಾ ಬರಹ ತಂತ್ರಾಂಶದ ಹಳೆಯ, ಯೂನಿಕೋಡ್ ಅಲ್ಲದ ಫಾಂಟಿನಲ್ಲಿ ಬರೆದ ಲೇಖನಗಳು ಡಾಕ್ಸಿಗೆ ಬಂದ ಕೂಡಲೇ ಕೊಂಬು, ಚುಕ್ಕೆ ಹೊತ್ತ ಇಂಗ್ಲಿಷ್ ಅಕ್ಷರಗಳ ಮೆರವಣಿಗೆ ಆಗಿಬಿಡುತ್ತವೆ. ಕಾರಣ ಸರಳ. ಆ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಸಂಖ್ಯೆಗಳಿಗೇ ಕನ್ನಡದ ಚಿತ್ರ ಅಂಟಿಸಿದ್ದವು. ಆ ಫಾಂಟ್ ಇಲ್ಲದ ಕಡೆ ಚಿತ್ರ ಕಳಚಿಬಿದ್ದು ಒಳಗಿನ ಸಂಖ್ಯೆಯ ಮುಖ ಕಾಣುತ್ತದೆ. 1991ರಲ್ಲಿ ಬಂದ ಯೂನಿಕೋಡಿನ ಮೊದಲ ಆವೃತ್ತಿಯಿಂದಲೂ ಕನ್ನಡಕ್ಕೆ 128 ಸ್ಥಾನಗಳ ತನ್ನದೇ ಬ್ಲಾಕ್ ಇದೆ. ಯೂನಿಕೋಡಿನಲ್ಲಿ ಬರೆದರೆ ಡ್ರೈವಿನಲ್ಲಿ ಕನ್ನಡದಲ್ಲೇ ಹುಡುಕಬಹುದು, ಯಾವ ಫೋನಿನಲ್ಲೂ ಓದಬಹುದು. ಹಳೆಯ ಫೈಲುಗಳಿದ್ದರೆ ಪರಿವರ್ತಕ ಬಳಸಿ ಬದಲಿಸಿಕೊಂಡೇ ಹಾಕಿ.

ಅಚ್ಚಾದ ಕನ್ನಡ ಪುಟದ ಫೋಟೊ ಇದ್ದರೆ ಇನ್ನೊಂದು ಉಪಾಯ ಇದೆ. ಕಂಪ್ಯೂಟರಿನಲ್ಲಿ ಡ್ರೈವ್ ತೆರೆದು, ಫೋಟೊ ಮೇಲೆ ರೈಟ್ ಕ್ಲಿಕ್ ಮಾಡಿ, "ಓಪನ್ ವಿತ್" ಅಂತಿರುವಲ್ಲಿ ಗೂಗಲ್ ಡಾಕ್ಸ್ ಆರಿಸಿ. ಚಿತ್ರದ ಕೆಳಗೆ ಅದರಲ್ಲಿರುವ ಬರಹ ಟೈಪ್ ಆಗಿ ಬರುತ್ತದೆ. ಇದಕ್ಕೆ ಓಸಿಆರ್ ಅನ್ನುತ್ತಾರೆ, ಕನ್ನಡಕ್ಕೂ ಇದೆ. ಒತ್ತಕ್ಷರ, ಅರ್ಕಾವತ್ತು, ದೀರ್ಘಗಳನ್ನು ಮಾತ್ರ ಒಮ್ಮೆ ಕಣ್ಣಾಡಿಸಿ ತಿದ್ದಬೇಕು. ಕೈಬರಹದ ಮೇಲೆ ಹೆಚ್ಚು ಭರವಸೆ ಬೇಡ. ಟೈಪಿಂಗ್ ನಿಧಾನ ಅನ್ನುವವರಿಗೆ ಡಾಕ್ಸಿನ "ವಾಯ್ಸ್ ಟೈಪಿಂಗ್" ಇದೆ. ಭಾಷೆ ಕನ್ನಡ ಅಂತ ಆರಿಸಿ ಮಾತಾಡುತ್ತಾ ಹೋದರೆ ಅದು ಬರೆದುಕೊಳ್ಳುತ್ತದೆ.

ಬಾಗಿಲು ತೆರೆದಿಟ್ಟ ಪಟ್ಟಿ

ಇಲ್ಲಿಯವರೆಗೆ ಕಳೆದುಹೋಗುವ ಮಾತಾಯಿತು. ಬೇಡದವರ ಕೈಗೆ ಸಿಗುವುದು ಇನ್ನೊಂದು ಕಷ್ಟ. ಇಂಡಸ್ಟ್ರಿಯಲ್ ವಿಸಿಟ್ ಅಂತ ಒಂದು ಶೀಟ್ ಮಾಡುತ್ತೇವೆ. ಹೆಸರು, ಯುಎಸ್‌ಎನ್, ಫೋನ್ ನಂಬರ್, ಅಪ್ಪ ಅಮ್ಮನ ನಂಬರ್, ಬ್ಲಡ್ ಗ್ರೂಪ್, ಕೆಲವು ಸಲ ಆಧಾರ್ ಸಂಖ್ಯೆ ಕೂಡ. "ಎನಿವನ್ ವಿತ್ ದ ಲಿಂಕ್", "ಎಡಿಟರ್" ಅಂತ ಹಾಕಿ ಗ್ರೂಪಿಗೆ ಬಿಡುತ್ತೇವೆ. ಈಗ ಆ ಲಿಂಕೇ ಬೀಗದ ಕೈ. ಅದು ಯಾವ ಗ್ರೂಪಿಗೆ ಫಾರ್ವರ್ಡ್ ಆದರೂ ಅಲ್ಲಿದ್ದವರೆಲ್ಲ ಒಳಗೆ ಬರಬಹುದು, ಲಾಗಿನ್ ಕೂಡ ಬೇಕಿಲ್ಲ. ವಿಸಿಟ್ ಮುಗಿದು ವರ್ಷವಾದರೂ ಆ ಬಾಗಿಲು ತೆರೆದೇ ಇರುತ್ತದೆ. ಗೊತ್ತಿಲ್ಲದ ನಂಬರಿನಿಂದ ರಾತ್ರಿ ಹೊತ್ತು ಬರುವ ಮೆಸೇಜುಗಳ ಕಷ್ಟ ಏನು ಅಂತ ನಮ್ಮ ಕ್ಲಾಸಿನ ಹುಡುಗಿಯರನ್ನು ಕೇಳಿ, ಹೇಳುತ್ತಾರೆ.

ಇದಕ್ಕೆ ಪರಿಹಾರ ಐದು ನಿಮಿಷದ ಕೆಲಸ. ಇಂಥ ಮಾಹಿತಿಯನ್ನು ಫಾರ್ಮಿನಲ್ಲಿ ತೆಗೆದುಕೊಳ್ಳಿ. ಉತ್ತರದ ಶೀಟನ್ನು "ರಿಸ್ಟ್ರಿಕ್ಟೆಡ್" ಮಾಡಿ, ಬೇಕಾದ ಇಬ್ಬರು ಮೂವರ ಇಮೇಲಿಗೆ ಮಾತ್ರ ಕೊಡಿ. ಬೇಡದ್ದನ್ನು ಕೇಳಲೇಬೇಡಿ, ಕೆಲಸ ಮುಗಿದ ಮೇಲೆ ಅಳಿಸಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ತಿರುಳೂ ಇದೇ. ಹೇಳಿದ ಉದ್ದೇಶಕ್ಕೆ, ಬೇಕಾದಷ್ಟೇ, ಬೇಕಾದಷ್ಟು ದಿನ.

ನೋಟ್ಸಿನ ಫೋಲ್ಡರಿಗೂ ಎಲ್ಲರಿಗೂ "ಎಡಿಟರ್" ಹಕ್ಕು ಬೇಕಿಲ್ಲ. ಓದುವವರಿಗೆ "ವ್ಯೂವರ್", ಸಲಹೆ ಕೊಡುವವರಿಗೆ "ಕಮೆಂಟರ್", ಹಾಕುವ ಮೂರು ನಾಲ್ಕು ಜನರಿಗೆ "ಎಡಿಟರ್" ಸಾಕು. ಇನ್ನು ಪ್ರಿಂಟಿಗೆ ಅಂತ ಜೆರಾಕ್ಸ್ ಅಂಗಡಿಯ ಕಂಪ್ಯೂಟರಿನಲ್ಲಿ ನಮ್ಮ ಖಾತೆ ತೆರೆಯುವ ಅಭ್ಯಾಸ ಬಿಡೋಣ. ಪ್ರಿಂಟ್ ಆಗಬೇಕಾದ ಒಂದು ಪಿಡಿಎಫ್ ಮಾತ್ರ ಅವರಿಗೆ ಕಳಿಸಿದರಾಯಿತು. ಎಲ್ಲಾದರೂ ಲಾಗಿನ್ ಹಾಗೇ ಉಳಿದಿದೆ ಎಂಬ ಅನುಮಾನ ಇದ್ದರೆ ಗೂಗಲ್ ಖಾತೆಯ "ಸೆಕ್ಯುರಿಟಿ" ಪುಟದಲ್ಲಿ "ಯುವರ್ ಡಿವೈಸಸ್" ನೋಡಿ. ಅಲ್ಲಿಂದಲೇ ಆ ಕಂಪ್ಯೂಟರನ್ನು ಹೊರಹಾಕಬಹುದು.

ಫೈನಲ್ ಇಯರ್ ಮುಗಿಯುವ ಮೊದಲು

ಈಗ ಮೊದಲಿನ ಪ್ರಶ್ನೆಗೇ ಬರೋಣ, ಮಾಲೀಕರು ಯಾರು? ಬಹಳ ಕಾಲೇಜುಗಳು ವಿದ್ಯಾರ್ಥಿಗಳಿಗೆ ಕಾಲೇಜಿನ ಹೆಸರಿನ ಇಮೇಲ್ ಖಾತೆ ಕೊಡುತ್ತವೆ. ನಾಲ್ಕು ವರ್ಷದ ಪ್ರಾಜೆಕ್ಟು, ರಿಪೋರ್ಟು, ಸರ್ಟಿಫಿಕೇಟು ಎಲ್ಲ ಅದರಲ್ಲೇ ಕೂತಿರುತ್ತವೆ. ಒಂದು ಕಾಲದಲ್ಲಿ ಶಿಕ್ಷಣ ಸಂಸ್ಥೆಗಳಿಗೆ ಗೂಗಲ್ ಕೊಡುತ್ತಿದ್ದ ಜಾಗಕ್ಕೆ ಮಿತಿಯೇ ಇರಲಿಲ್ಲ. 2021ರ ಫೆಬ್ರವರಿಯಲ್ಲಿ ಅದು ನಿಲ್ಲುತ್ತದೆ ಅಂತ ಕಂಪನಿ ಹೇಳಿತು. ಆಗಲೇ ಬಳಸುತ್ತಿದ್ದ ಸಂಸ್ಥೆಗಳಿಗೆ 2022ರ ಜುಲೈನಿಂದ ಇಡೀ ಸಂಸ್ಥೆಗೆ ಸೇರಿ 100 ಟಿಬಿ ಅಂತ ನಿಗದಿ ಮಾಡಿತು. ಕೇಳಲು ದೊಡ್ಡದು. ಆದರೆ ನಾಲ್ಕು ಸಾವಿರ ಜನರ ಕಾಲೇಜಿಗೆ ಹಂಚಿದರೆ ತಲೆಗೆ 25 ಜಿಬಿ. ಪಾಸಾಗಿ ಹೋದವರ ಖಾತೆಗಳೂ ಅದರಲ್ಲೇ ಪಾಲು ಕೇಳುತ್ತವೆ. ಹಳೆಯ ಖಾತೆಗಳನ್ನು ಮುಚ್ಚುವ ಒತ್ತಡ ಕಾಲೇಜುಗಳ ಮೇಲೆ ಬೀಳುವುದು ಹೀಗೆ.

ಖಾತೆ ಅಳಿಸಿಹೋದರೆ ಅದರಲ್ಲಿದ್ದ ಫೈಲುಗಳೂ ಹೋಗುತ್ತವೆ, ಯಾರಾದರೂ ಮೊದಲೇ ವರ್ಗಾಯಿಸಿರದಿದ್ದರೆ. ಜೂನಿಯರುಗಳು ನಂಬಿಕೊಂಡ ಲಿಂಕೂ ಸತ್ತುಹೋಗುತ್ತದೆ. "ಮಾಲೀಕತ್ವವನ್ನು ನನ್ನ ಸ್ವಂತ ಜಿಮೇಲಿಗೆ ಬದಲಿಸಿಕೊಳ್ತೀನಿ" ಅಂದರೆ ಆಗುವುದಿಲ್ಲ. ಕಾಲೇಜಿನ ಖಾತೆಯ ಫೈಲನ್ನು ಅದೇ ಸಂಸ್ಥೆಯೊಳಗಿನವರಿಗೆ ಮಾತ್ರ ವರ್ಗಾಯಿಸಬಹುದು. ಹೊರಗೆ ಒಯ್ಯಲು ದಾರಿ ಎರಡು. ಒಂದು, ಗೂಗಲ್ ಟೇಕೌಟ್ ಮೂಲಕ ಎಲ್ಲವನ್ನೂ ಇಳಿಸಿಕೊಳ್ಳುವುದು. ಇನ್ನೊಂದು, ಕಾಲೇಜಿನ ಅಡ್ಮಿನ್ ಅವಕಾಶ ಕೊಟ್ಟಿದ್ದರೆ, "ಟ್ರಾನ್ಸ್‌ಫರ್ ಯುವರ್ ಕಂಟೆಂಟ್" ಬಳಸಿ ನಿಮ್ಮ ಸ್ವಂತ ಖಾತೆಗೆ ಪ್ರತಿ ಕಳಿಸುವುದು. ಎರಡಕ್ಕೂ ಲಾಗಿನ್ ಬೇಕು. ಖಾತೆ ಮುಚ್ಚಿದ ಮೇಲೆ ಎರಡೂ ಆಗದು.

ಹಾಗಾದರೆ ಸ್ವಂತ ಜಿಮೇಲಿನಲ್ಲಿಟ್ಟರೆ ಚಿಂತೆ ಇಲ್ಲವೇ? ಅಲ್ಲೂ ಒಂದು ನಿಯಮ ಇದೆ. ಎರಡು ವರ್ಷ ಮುಟ್ಟದೇ ಬಿಟ್ಟ ವೈಯಕ್ತಿಕ ಖಾತೆಯನ್ನು ಗೂಗಲ್ ಅಳಿಸಬಹುದು. 2023ರ ಡಿಸೆಂಬರಿನಿಂದ ಇದು ಜಾರಿಯಲ್ಲಿದೆ. ಕ್ಲಾಸಿನ ನೋಟ್ಸಿಗೆ ಅಂತಲೇ ಹೊಸ ಜಿಮೇಲ್ ಮಾಡಿ, ಪಾಸಾದ ಮೇಲೆ ಮರೆತುಬಿಟ್ಟರೆ ಅದರ ಆಯಸ್ಸು ಅಷ್ಟೇ.

ಇದಕ್ಕೆ ಗಟ್ಟಿಯಾದ ಪರಿಹಾರ "ಶೇರ್ಡ್ ಡ್ರೈವ್". ಕಾಲೇಜಿನ ಖಾತೆಗಳಲ್ಲಿ ಈ ಸೌಲಭ್ಯ ಇದೆ. ಇದರೊಳಗಿನ ಫೈಲಿಗೆ ಮಾಲೀಕರು ವ್ಯಕ್ತಿಯಲ್ಲ, ಸಂಸ್ಥೆ. ಹಾಕಿದವರು ಪಾಸಾಗಿ ಹೋದರೂ ಫೈಲ್ ಅಲ್ಲೇ ಉಳಿಯುತ್ತದೆ. ವಿಭಾಗಕ್ಕೊಂದು ಶೇರ್ಡ್ ಡ್ರೈವ್, ಅದಕ್ಕೆ ಒಬ್ಬರು ಅಧ್ಯಾಪಕರೂ ಇಬ್ಬರು ವಿದ್ಯಾರ್ಥಿಗಳೂ ಮ್ಯಾನೇಜರುಗಳು, ಪ್ರತಿ ವರ್ಷ ವಿದ್ಯಾರ್ಥಿಗಳ ಹೆಸರು ಬದಲು. ಇಷ್ಟು ಮಾಡಿಕೊಂಡರೆ ಹಿತ್ತಲಿನ ಬಾವಿ ನಿಜವಾಗಿಯೂ ಊರ ಕೆರೆ ಆಗುತ್ತದೆ. ಎಚ್‌ಒಡಿ ಹತ್ತಿರ ಹೋಗಿ ಕೇಳಲು ಒಂದು ಅರ್ಜಿ ಸಾಕು. ಅದು ಆಗುವವರೆಗೆ ಸೆಮಿಸ್ಟರಿಗೊಮ್ಮೆ ಇಡೀ ಫೋಲ್ಡರನ್ನು ಇಳಿಸಿ, ಇಬ್ಬರು ಬೇರೆ ಬೇರೆ ಜನರ ಹಾರ್ಡ್‌ಡಿಸ್ಕಿನಲ್ಲಿ ಇಟ್ಟುಕೊಳ್ಳಿ.

ಗೆಳೆಯರೇ, ಇದನ್ನು ಓದಿ ಮುಗಿಸಿದ ಮೇಲೆ ಒಂದು ಕೆಲಸ ಮಾಡಿ. ನಿಮ್ಮ ಕ್ಲಾಸಿನ ಫೋಲ್ಡರ್ ಹುಡುಕಿ, ಅದರ ಪಕ್ಕದ ಮೂರು ಚುಕ್ಕೆ ಒತ್ತಿ, ಮಾಹಿತಿ ವಿವರದಲ್ಲಿ "ಓನರ್" ಅಂತ ಯಾರ ಹೆಸರಿದೆ ನೋಡಿ. ಅದು ಈ ವರ್ಷ ಪಾಸಾಗಿ ಹೋಗುವ ಸೀನಿಯರ್ ಹೆಸರಾಗಿದ್ದರೆ ಇವತ್ತೇ ಅವರಿಗೊಂದು ಫೋನ್ ಮಾಡಿ. ನೋಟ್ಸ್ ಕೊಟ್ಟಿದ್ದಕ್ಕೆ ಥ್ಯಾಂಕ್ಸ್ ಹೇಳೋದನ್ನೂ ಮರೀಬೇಡಿ.